ಅತ್ತೆಯ ಸ್ಟೇಷನ್ನಿಗೆ ಬೇಕಾದ ತಪ್ಪುಗಳು

ಮಾರ್ಚ್ 3, ಸೋಮವಾರ. ಸಂಜೆ 5.30

ಆರನೇ ದೀಪದ ಕಂಬವೂ ನಿಂತಿತು. ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬಿನಲ್ಲಿ ಸವೆದುಹೋದ ಡ್ರಿಲ್ ತುದಿಗಳೇ ಕಂಬ. ಹಗಲೆಲ್ಲ ಊರವರ ಹಲ್ಲಿನ ಸೆಟ್ಟು, ಸಂಜೆ ಇದು. ಮೇಜಿನ ಮೇಲಿರುವುದು ಅತ್ತೆ ಇಪ್ಪತ್ತಾರು ವರ್ಷ ಅನೌನ್ಸ್‌ಮೆಂಟ್ ಮಾಡಿದ ಹಳೇ ರೈಲ್ವೆ ಸ್ಟೇಷನ್ನಿನ ಪುಟ್ಟ ಮಾದರಿ. ನಿಜವಾದದ್ದನ್ನು ಕೆಡವಿದ್ದಾರೆ. ನನ್ನ ಸ್ಟೇಷನ್ನಿನಲ್ಲಿ ಮನುಷ್ಯ ಅಂದರೆ ಕಿರುಬೆರಳಿನ ಉಗುರಿನಷ್ಟು ಎತ್ತರ.

ಅತ್ತೆ ಪಕ್ಕದಲ್ಲೇ, ವೀಲ್‌ಚೇರಿನಲ್ಲಿ. ಸ್ಟ್ರೋಕ್ ಆಗಿ ಐದು ತಿಂಗಳು. ಒಂದು ಮಾತಿಲ್ಲ. ಮಾತು ಕಲಿಸಲು ಬರುವ ಥೆರಪಿಸ್ಟ್ — ನನ್ನ ಯಜಮಾನರು ಇಟ್ಟ ಹೆಸರು 'ಮಾತಿನ ಟೀಚರ್' — ಇವತ್ತು ಹೇಳಿಯೇಬಿಟ್ಟರು: "ಇಪ್ಪತ್ತೆಂಟಕ್ಕೆ ನೋಡ್ತೀನಿ. ಅವತ್ತೂ ನನ್ನ ಮುಂದೆ ತಾವಾಗಿ ಬಾಯಿ ಬಿಡ್ಲಿಲ್ಲ ಅಂದ್ರೆ, ಇನ್ನು ಸನ್ನೆ ಕಲಿಸೋದೇ ಒಳ್ಳೇದು."

ಸನ್ನೆಯಂತೆ. ದಿನಕ್ಕೆ ನಲವತ್ತು ಗಾಡಿ ಕೂಗಿದ ಗಂಟಲು ಅದು.

ಮಾರ್ಚ್ 5, ಬುಧವಾರ. 6.10

ಈಗಲೇ ಬರೆಯಬೇಕು.

ಪ್ಲಾಟ್‌ಫಾರ್ಮಿನ ಬೆಂಚು ಅಂಟಿಸುತ್ತಿದ್ದೆ. ಬೆಂಕಿಕಡ್ಡಿ ಸೀಳಿ ಮಾಡಿದ್ದು. ಗಮನ ಎಲ್ಲೋ ಇತ್ತು, ಹಿಂದುಮುಂದಾಗಿ ಇಟ್ಟೆ — ಹಳಿಗೆ ಬೆನ್ನು ಹಾಕಿ. ಅತ್ತೆಯ ಎಡಗೈ ಎದ್ದಿತು. ಮೇಜು ಕುಟ್ಟಿದರು.

"ಉಹೂಂ."

ಉಹೂಂ ಅಂದರು. ಅತ್ತೆ. ಬಾಯಿಂದ. ಅಂಟಿನ ಟ್ಯೂಬು ಕಾಲ ಮೇಲೆ ಬಿತ್ತು, ಚಪ್ಪಲಿ ನೆಲಕ್ಕೆ ಅಂಟಿತು. ಬರಿಗಾಲಲ್ಲೇ ಓಡಿ ಇವರನ್ನು ಎಳೆದುಕೊಂಡು ಬಂದೆ.

ಮಾರ್ಚ್ 6, ಗುರುವಾರ

ಬೆಂಚು ಸರಿಮಾಡಿದೆ — ಸುಮ್ಮನಿದ್ದರು. ಮತ್ತೆ ತಿರುಗಿಸಿದೆ — "ಉಹೂಂ." ಈ ಸಲ ಹುಬ್ಬೂ ಗಂಟು.

ಇವರು: "ಕಾಕತಾಳೀಯ ಕಣೇ. ಸುಮ್ನೆ ಆಸೆ ಇಟ್ಕೋಬೇಡ."

ಇವರಿಗೇನು ಗೊತ್ತು. ಹದಿನಾಲ್ಕು ವರ್ಷ ಬೈಸಿಕೊಂಡವಳು ನಾನು. ಟವೆಲ್ಲಿನ ಅಂಚು ಕೂಡದಿದ್ದರೆ ಬೈಗುಳ, ಡಬ್ಬಿಯ ಮುಚ್ಚಳ ಓರೆಯಾದರೆ ಬೈಗುಳ. ತಪ್ಪು ಕಂಡರೆ ಅತ್ತೆಗೆ ತಡೆಯದು. ಈ ಬಾಯಿ ಒಂದು ದಿನವಾದರೂ ಸುಮ್ಮನಿರಬಾರದೇ ಅಂತ ಎಷ್ಟು ಸಲ ಗೊಣಗಿದ್ದೇನೋ. ಈಗ ಬೈಗುಳ ಬೇಕು. ಇದ್ದಬದ್ದದ್ದೆಲ್ಲ ಬೇಕು.

ಇನ್ನು ದಿನಕ್ಕೊಂದು ತಪ್ಪು. ಬೇಕಂತಲೇ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 11

ಚಹಾ ಅಂಗಡಿಯನ್ನು ತಪ್ಪು ತುದಿಗೆ ಇಟ್ಟೆ. ಒಳಗೆ ಸಾಸಿವೆಯಷ್ಟು ಲೋಟ, ಮೂರು.

"ಆ... ಕಡೆ."

ಎರಡು ಮಾತು! ಕುಣಿಯುವುದೊಂದು ಬಾಕಿ. ಅಲ್ಲ, ಕುಣಿದೆ. ಸ್ವಲ್ಪ.

ಮಾರ್ಚ್ 17, ಸೋಮವಾರ

ಎಂಟು ದಿನ ಬರೆದಿಲ್ಲ. ಬರೆಯಲು ಏನಿತ್ತು? ಆಸೆಬುರುಕಿ ನಾನು. ಇಂಜಿನ್ನಿನ ಮೇಲೆ ನಾಯಿ ಕೂರಿಸಿದೆ. ಸಿಗ್ನಲ್ ಕಂಬ ತಲೆಕೆಳಗು. ಗಡಿಯಾರದಲ್ಲಿ ಹದಿಮೂರು ಅಂಕಿ. ಅತ್ತೆ ಮುಖ ತಿರುಗಿಸಿ ಗೋಡೆ ನೋಡುತ್ತ ಕೂತರು, ದಿನಾ.

ಇವತ್ತು ಹೊಳೆಯಿತು. ಅವರಿಗೆ ಅವಮಾನವಾಗಿದೆ. ಹುಚ್ಚಾಟಕ್ಕೆ ಬೈಯುವವರಲ್ಲ ಅವರು. ಕೆಲಸ ಬಲ್ಲವಳು ಮಾಡುವಂಥ ತಪ್ಪೇ ಆಗಬೇಕು. ಕೆಲಸ ಎಷ್ಟು ನಾಜೂಕೋ ತಪ್ಪೂ ಅಷ್ಟೇ ನಾಜೂಕಾಗಿರಬೇಕು.

ನಾಯಿ ಕಿತ್ತೆ. "ತಪ್ಪಾಯ್ತು ಅತ್ತೆ" ಅಂದೆ.

ಮಾರ್ಚ್ 21, ಶುಕ್ರವಾರ. 6.45

ನಾಲ್ಕು ಸಂಜೆ ಹಿಡಿದು ಅನೌನ್ಸ್‌ಮೆಂಟ್ ಕೋಣೆ ಮುಗಿಸಿದೆ. ಹಳೇ ಫೋಟೋ ನೋಡಿ ಮೇಜು, ಕುರ್ಚಿ. ತಂತಿಯ ತುದಿಗೆ ಮೇಣದ ಹನಿ, ಅದೇ ಮೈಕು. ಎಲ್ಲ ಇದ್ದ ಹಾಗೇ. ಮೇಜನ್ನು ಮಾತ್ರ ಗೋಡೆಗೆ ಮುಖ ಮಾಡಿ ಇಟ್ಟೆ. ಭೂತಗನ್ನಡಿ ಕೊಟ್ಟೆ. ಅತ್ತೆ ನೋಡಿದರು, ನೋಡಿದರು...

"ಗಾಡಿ... ಕಾಣಲ್ಲ. ಕಿಟಕಿ ಕಡೆ... ಇಡೇ."

ಅದೇ ಗತ್ತು! ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಕಾಕತಾಳೀಯದ ಮಾತೆತ್ತಲಿಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಮಾರ್ಚ್ 24, ಸೋಮವಾರ

ಟೀಚರ್ ಬಂದಿದ್ದರು, ಅತ್ತೆ ಮಾತಾಡಿದ್ದನ್ನೆಲ್ಲ ಹೇಳಿದೆ. ಅತ್ತೆ ಬಾಯಿಗೆ ಬೀಗ. ಬೆಂಚು ತಿರುಗಿಸಿದೆ — ಇಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಲು ಹೋದರೂ ಇಲ್ಲ. ನಾನು ಕಥೆ ಕಟ್ಟುತ್ತಿದ್ದೇನೆ ಅಂತ ಟೀಚರ್ ಅಂದುಕೊಂಡರೋ ಏನೋ. "ಶುಕ್ರವಾರ ಹತ್ತಕ್ಕೆ ಬರ್ತೀನಿ" ಅಂದು ಹೊರಟರು.

ಮಾರ್ಚ್ 27, ಗುರುವಾರ. 7.00

ಇವತ್ತು ತಪ್ಪು ಬೇಡ ಅನ್ನಿಸಿತು. ಲ್ಯಾಬಿಗೆ ರಜೆ ಹಾಕಿ ಅತ್ತೆಯನ್ನೇ ಮಾಡಿದೆ. ಮೈಕಿನ ಮುಂದೆ ಕೂತ ಅತ್ತೆ: ಗಂಟು ಹಾಕಿದ ಕೂದಲು, ಕೂದಲಿಗಿಂತ ತೆಳು ತಂತಿಯ ಕನ್ನಡಕ, ಕೈಯಲ್ಲಿ ಟೈಮ್‌ಟೇಬಲ್. ನನ್ನ ಜೀವಮಾನದ ಕೆಲಸ. ಒಂದು ಕೊರತೆ ಇಲ್ಲ ಅಂತ ಬೀಗುತ್ತ ಮುಂದಿಟ್ಟೆ.

"ದಪ್ಪ" ಅಂದರು.

"ಯಾರು ಅತ್ತೆ?"

"ನಾನು... ಇಷ್ಟು ದಪ್ಪ ಇರ್ಲಿಲ್ಲ." ಉಸಿರೆಳೆದುಕೊಂಡರು. "ಬೆಂಚು ಬಿಟ್ರೆ... ಉಳಿದದ್ದೆಲ್ಲ ಬೇಕಂತ ಮಾಡಿದ್ದು. ಇದು... ನಿಜವಾದ ತಪ್ಪು."

"ಗೊತ್ತಿತ್ತಾ ನಿಮ್ಗೆ? ಮತ್ತೆ ಯಾಕೆ ಹೇಳ್ಲಿಲ್ಲ?"

ದಡ್ಡಿಯನ್ನು ನೋಡುವ ಹಾಗೆ ನೋಡಿದರು. "ಮಾತು... ಬರ್ತಿರ್ಲಿಲ್ವಲ್ಲೇ."

ನಕ್ಕುಬಿಟ್ಟೆ. ಅವರೂ ನಕ್ಕರು, ಅರ್ಧ ಬಾಯಿಯಲ್ಲಿ. ಆಮೇಲೆ ಇಬ್ಬರೂ ಅತ್ತೆವು.

ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ 10.08

ಟೀಚರ್ ಇನ್ನೂ ಇಲ್ಲ. ಪುಟ್ಟ ಅತ್ತೆಯ ಸೊಂಟ ಉಜ್ಜುತ್ತಿದ್ದೆ. ದೊಡ್ಡ ಅತ್ತೆ ಭೂತಗನ್ನಡಿ ಹಿಡಿದು "ಇನ್ನೂ... ಇನ್ನೂ" ಅನ್ನುತ್ತಿದ್ದರು. ಇನ್ನು ಉಜ್ಜಿದರೆ ಎರಡು ತುಂಡು. ಅದನ್ನು ಕೆಳಗಿಟ್ಟು ಬರೆಯುತ್ತ ಕೂತಿದ್ದೇನೆ. ಟೀಚರ್ ಮುಂದೆ ಬಾಯಿ ಬಿಡುತ್ತಾರೋ ಇಲ್ಲವೋ. ಅತ್ತೆ ಎರಡು ಸಲ ಗಡಿಯಾರ ನೋಡಿದರು.

10.10. ಬೆಲ್. ಇವರು ಬಾಗಿಲು ತೆಗೆದರು. ಟೀಚರ್ ಚಪ್ಪಲಿ ಬಿಡುತ್ತಿದ್ದಾರೆ. ಅತ್ತೆ ನೆಟ್ಟಗೆ ಕೂತರು. ಕೆಮ್ಮಿ ಗಂಟಲು ಸರಿಮಾಡಿಕೊಂಡರು —

"ಪ್ರಯಾಣಿಕರೇ... ದಯವಿಟ್ಟು ಗಮನಿಸಿ. ಹತ್ತು ನಿಮಿಷ... ತಡವಾಗಿ —"