ಕಿಟಕಿಗೆ ಅಡ್ಡ ನಿಂತ ಬೀರು

ಜೂನ್ 4, ಬೆಳಿಗ್ಗೆ

ಇವರ ಕಣ್ಣಿಗೆ ಹನಿ ಹಾಕಿದ್ದಾಯಿತು. ಆಪರೇಷನ್ ಆದಾಗಿನಿಂದ ಓದುವಂತಿಲ್ಲ, ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಅದಕ್ಕೇ ಓದುವ ಕೆಲಸ ನನ್ನ ಪಾಲಿಗೆ. ಯುದ್ಧದಲ್ಲಿ ಸೆರೆಸಿಕ್ಕ ವರ್ಷದ ಬಗ್ಗೆ ಇವರು ಬರೆದ ಪುಸ್ತಕ ಬಂದು ತಿಂಗಳಾಯಿತು. ಓದಿದವರು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಮಗಳು ಫೋನಿಗೆ ಕಳಿಸುತ್ತಾಳೆ. ಪ್ರಕಾಶಕರು ಕಾಗದಗಳನ್ನು ದೊಡ್ಡ ಕವರಿನಲ್ಲಿ ತುಂಬಿ ಕಳಿಸುತ್ತಾರೆ. ತಿಂಡಿ ಆದ ಮೇಲೆ ನಾನು ಓದುವುದು, ಇವರು ಕಣ್ಣು ಮುಚ್ಚಿಕೊಂಡು ಕೇಳುವುದು.

ಒಬ್ಬ ಹುಡುಗಿ ಬರೆದಿದ್ದಾಳೆ — ವಿಮಾನಕ್ಕೆ ಬೆಂಕಿ ಹತ್ತಿ ನೀವು ಹೊರಗೆ ಹಾರುವ ಪುಟ ಬಸ್ಸಿನಲ್ಲಿ ಓದುತ್ತಿದ್ದೆ, ನನ್ನ ಸ್ಟಾಪ್ ದಾಟಿ ಹೋಯಿತು. ಇವರ ಮೀಸೆ ಅಲುಗಿತು. ಖುಷಿಯಾದರೆ ಹಾಗೆ.

ಇನ್ನೊಬ್ಬ ಮಹಾಶಯ — ಸೆರೆಯ ಭಾಗದಲ್ಲಿ ತಪ್ಪಿಸಿಕೊಳ್ಳುವ ಪ್ರಯತ್ನವೇ ಇಲ್ಲ, ನಿರಾಸೆಯಾಯಿತು, ಎರಡು ಸ್ಟಾರ್.

"ಕಾಲು ಮುರಿದಿತ್ತು ಅಂತ ಬರೆದಿದ್ದೀನಲ್ಲ. ಕುಂಟ್ಕೊಂಡು ಓಡ್ಬೇಕಿತ್ತಾ?"

"ಹಾಗಂತ ಅವನಿಗೇ ಬರೀರಿ. ಚೆನ್ನಾಗಿ ಜಾಡಿಸಿ."

"ಬಿಡು. ಅವರಿಷ್ಟ."

ಅವರಿಷ್ಟ. ಇಲ್ಲವಾದರೆ ನಿನ್ನಿಷ್ಟ. ಇದಕ್ಕಿಂತ ದೊಡ್ಡ ಜಗಳ ಈ ಮನುಷ್ಯನ ಬಾಯಿಂದ ಹೊರಡುವುದಿಲ್ಲ.

ಊರಿಗೆ ಊರೇ ಓದಿದ ಪುಸ್ತಕವನ್ನು ನಾನು ಓದಿಲ್ಲ. ಇವರು ಬರೆಯಲು ಕೂತಾಗಲೇ ಹೇಳಿದ್ದೆ — ಆ ವರ್ಷವನ್ನು ಈ ಕಡೆಯಿಂದ ನೋಡಿದ್ದೇನೆ, ಆ ಕಡೆಯಿಂದಲೂ ನೋಡುವ ಶಕ್ತಿ ನನಗಿಲ್ಲ. ಅದಕ್ಕೂ ನಿನ್ನಿಷ್ಟ ಅಂದಿದ್ದರು.

ಜೂನ್ 7

ನಿವೃತ್ತ ಮೆಕ್ಯಾನಿಕ್ ಒಬ್ಬರ ಕಾಗದ. ಎರಡನೇ ಅಧ್ಯಾಯದಲ್ಲಿ ಇಂಧನದ ಮುಳ್ಳು ಎಡಕ್ಕಿದೆ ಎಂದಿದ್ದೀರಿ, ಆ ವಿಮಾನದಲ್ಲಿ ಅದು ಬಲಕ್ಕೆ, ನಾನೇ ನೂರು ಸಲ ಬಿಚ್ಚಿ ಕೂರಿಸಿದ್ದೇನೆ ಎಂದು. ಹಾರಿಸಿದವರು ಇವರು. ಎಡಕ್ಕೇ ಇತ್ತು ಎಂದು ಒಂದು ಮಾತು ಹೇಳಬಹುದಿತ್ತು.

"ಇರಬಹುದು. ಮುಂದಿನದು ಓದು."

ಸರಿ ಹೋಯಿತು.

ಕೋಣೆಯಲ್ಲಿ ಟ್ಯೂಬ್‌ಲೈಟ್ ಮತ್ತೆ ಪಟಪಟ ಎನ್ನುತ್ತಿದೆ. ನಾಳೆ ಶಾಲೆ ಮಕ್ಕಳ ಯೂನಿಫಾರ್ಮ್ ಕೊಡಬೇಕು, ಕಾಲರ್ ಹೊಲಿಗೆ ಎರಡು ಸಲ ಬಿಚ್ಚಿದೆ. ಹಗಲಿನಲ್ಲೂ ದೀಪ ಹಾಕಿಕೊಂಡು ಹೊಲಿಯುವ ದರ್ಜಿ ನಾನೊಬ್ಬಳೇ ಇರಬೇಕು.

ಜೂನ್ 9

ಒಬ್ಬ ನರ್ಸ್ ಬರೆದದ್ದು. ಜೋರಾಗಿ ಓದುತ್ತ ಹೋದೆ: "ಸೆರೆಯ ಕೋಣೆಯಲ್ಲಿ ನೀವು ದಿನಾ ಮಧ್ಯಾಹ್ನ ಮನಸ್ಸಿನಲ್ಲೇ ಹೆಂಡತಿಯ ಜೊತೆ ಜಗಳ ಆಡುವ ಅಧ್ಯಾಯಕ್ಕೆ ಮೊದಲು ನಕ್ಕೆ. ಆಮೇಲೆ ವಾರ್ಡಿನ ಬಾತ್‌ರೂಮಿಗೆ ಹೋಗಿ ಅತ್ತೆ..."

ಓದುವುದು ನಿಲ್ಲಿಸಿ ಇವರ ಕಡೆ ನೋಡಿದೆ.

ಇವರು ಕಣ್ಣು ಮುಚ್ಚಿಕೊಂಡೇ ಇದ್ದರು. ಕಿವಿ ಮಾತ್ರ ಕೆಂಪಗಾಗಿತ್ತು.

"ಯಾವ ಜಗಳ?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅದನ್ನೂ ನಿನ್ನಿಷ್ಟ ಎಂದಾರು ಎಂದು ಭಯ... ಇನ್ನೇನೋ ಹೇಳಿಬಿಟ್ಟಾರು ಎಂದು ಇನ್ನೂ ಹೆಚ್ಚು ಭಯ.

ಜೂನ್ 10

ಬೆಳಗಿನಿಂದ ಅದೇ ತಲೆಯಲ್ಲಿ.

ಮದುವೆಯಾದ ಹೊಸತರಲ್ಲಿ ಇವರಷ್ಟು ಜಗಳಗಂಟ ಇನ್ನೊಬ್ಬ ಇರಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಎಂದರೆ ಜಗಳ, ಜಾಸ್ತಿ ಎಂದರೂ ಜಗಳ. ನಾನೇನು ಕಮ್ಮಿಯೇ? ಕಾಲು ಕೆರೆದುಕೊಂಡೇ ಹೋಗುತ್ತಿದ್ದೆ. ಕೊನೆಗೆ ಇಬ್ಬರಲ್ಲಿ ಒಬ್ಬರಿಗೆ ನಗು ಬರುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕಪಕ್ಕದ ಕ್ವಾರ್ಟರ್ಸಿನವರು ನಮ್ಮನ್ನು ರೇಡಿಯೋ ಎನ್ನುತ್ತಿದ್ದರು.

ಸೆರೆಯಿಂದ ಬಿಟ್ಟು ಕಳಿಸಿದ ಮೇಲೆ ಬಾಗಿಲಿಗೆ ಬಂದದ್ದು ಬೇರೆಯೇ ಮನುಷ್ಯ. ಮೈಯಲ್ಲಿ ಮೂಳೆ ಬಿಟ್ಟರೆ ಏನಿಲ್ಲ. ಏನು ಕೇಳಿದರೂ ತಲೆಯಾಡಿಸುವುದು. ಕ್ರಮೇಣ ಮೈ ಬಂತು, ನಗು ಬಂತು, ಮಗಳು ಹುಟ್ಟಿದಳು. ಜಗಳ ಮಾತ್ರ ಬರಲೇ ಇಲ್ಲ. ಎಲ್ಲರೂ ಎಂಥ ಒಳ್ಳೆಯ ಗಂಡ ಎಂದರು. ಹೌದು, ಒಳ್ಳೆಯವರೇ. ಆದರೆ ಆ ವರ್ಷ ನಾನು ರೇಡಿಯೋ ವಾರ್ತೆಯ ಮುಂದೆ ಕೂತು ಕಾದದ್ದು ಆ ಜಗಳಗಂಟನಿಗೆ. ಅವನು ಅಲ್ಲೇ ಉಳಿದುಬಿಟ್ಟ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಒಳಗೊಳಗೇ ಅವನಿಗಾಗಿ ಅತ್ತದ್ದೂ ಇದೆ.

ಈಗ ಯಾರೋ ನರ್ಸ್ ಹೇಳುತ್ತಿದ್ದಾಳೆ, ಅವನು ಅಲ್ಲಿ ದಿನಾ ಮಧ್ಯಾಹ್ನ ನನ್ನ ಜೊತೆಗೇ ಇದ್ದನೆಂದು.

ಜೂನ್ 15

ಪ್ರಕಾಶಕರ ಕವರ್. ಒಬ್ಬ ಹಿರಿಯರು — "ನಿಮ್ಮ ಪುಸ್ತಕದಲ್ಲಿ ಪ್ರತಿ ಜಗಳವನ್ನೂ ಹೆಂಡತಿಯೇ ಗೆಲ್ಲುತ್ತಾರೆಂದು ನನ್ನಾಕೆ ನಾಲ್ಕು ಪ್ರತಿ ಕೊಂಡು ತಂಗಿಯರಿಗೆ ಹಂಚಿದ್ದಾಳೆ. ಗಂಡಂದಿರಾದ ನಮ್ಮೆಲ್ಲರ ಶಾಪ ನಿಮಗೆ ತಟ್ಟಲಿ."

ಇವರು ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ. ಮುಂದಿನದು ಒಂದು ಕಾರ್ಡು, ದುಂಡು ಅಕ್ಷರ, ಒಂದೇ ಸಾಲು. "ಸರ್, ಕೊನೆಗೆ ಬೀರುವನ್ನು ಎಲ್ಲಿಟ್ಟಿರಿ?"

ಬೀರು?

ಕಾರ್ಡು ಕೈಯಲ್ಲಿ ಹಿಡಿದೇ ನನ್ನ ಹೊಲಿಗೆ ಕೋಣೆಗೆ ಬಂದೆ. ಅಲ್ಲಿದೆ. ಕಿಟಕಿಗೆ ಅಡ್ಡ. ಎಷ್ಟು ಮನೆ ಬದಲಾಯಿಸಿದೆವು, ಪ್ರತಿ ಮನೆಯಲ್ಲೂ ಇವರು ಮೊದಲು ಮಾಡಿದ ಕೆಲಸ ಆ ಮರದ ಬೀರುವನ್ನು ಕಿಟಕಿಗೆ ಅಡ್ಡ ನಿಲ್ಲಿಸಿದ್ದು. ಇವರಿಗೆ ಹೊರಗಿನಿಂದ ಯಾರೂ ಇಣುಕಬಾರದೇನೋ, ಸೆರೆಯಲ್ಲಿ ಏನೇನು ಅನುಭವಿಸಿದರೋ ಎಂದು ನಾನು ತುಟಿ ಬಿಚ್ಚಲಿಲ್ಲ. ದೀಪ ಹಾಕಿಕೊಂಡು ಹೊಲಿದೆ.

ಜೂನ್ 29, ಸಂಜೆ

ಎರಡು ವಾರ ಬರೆಯಲಿಲ್ಲ. ಬರೆಯುವುದಕ್ಕೆ ಧೈರ್ಯ ಬೇಕು, ಇರಲಿಲ್ಲ. ಪುಸ್ತಕ ಎರಡು ಸಲ ಕೈಗೆತ್ತಿಕೊಂಡೆ, ಮುಖಪುಟದ ಮೇಲಿನ ಆ ತೆಳ್ಳಗಿನ ಮುಖ ನೋಡಿ ವಾಪಸಿಟ್ಟೆ.

ಮೊನ್ನೆ ಡಾಕ್ಟರು ಕಣ್ಣು ನೋಡಿ, ಇನ್ನು ಏನು ಬೇಕಾದರೂ ಮಾಡಿ ಎಂದರು. ಇವತ್ತು ಲೈಬ್ರರಿಯಲ್ಲಿ ಓದುಗರ ಸಭೆ. ಕುರ್ಚಿ ಸಾಲದೆ ಜನ ನಿಂತಿದ್ದರು. ಹೆಚ್ಚಿನವರು ಯುದ್ಧದ ಬಗ್ಗೆ ಕೇಳಿದರು — ಭಯ ಆಗಲಿಲ್ಲವೇ, ಹೊಡೆದರೇ, ಈಗ ಅವರ ಮೇಲೆ ಸಿಟ್ಟಿದೆಯೇ. ಇವರು ಎಲ್ಲಕ್ಕೂ ಮೆಲ್ಲಗೆ ಉತ್ತರಿಸಿದರು. ಭಯ ಆಗಿತ್ತು. ಹೊಡೆದರು. ಒಬ್ಬ ಕಾವಲಿನವನು ತನ್ನ ಕಂಬಳಿ ಕೊಟ್ಟಿದ್ದ, ಹಾಗಾಗಿ ಸಿಟ್ಟು ಎಲ್ಲರ ಮೇಲೂ ನಿಲ್ಲುವುದಿಲ್ಲ.

ಕೊನೆಗೆ ಒಬ್ಬಳು ಎದ್ದು ಮೈಕನ್ನು ನನ್ನ ಕಡೆಗೇ ಚಾಚಿದಳು. "ಅಮ್ಮ, ಬೀರು ಜಗಳದಲ್ಲಿ ನಿಮ್ಮ ಮಾತುಗಳನ್ನ ಸರ್ ಸರಿಯಾಗಿ ಬರೆದಿದಾರಾ?"

ಎಲ್ಲರೂ ನಗಲು ತಯಾರಾಗಿ ನನ್ನನ್ನೇ ನೋಡುತ್ತಿದ್ದರು. ನನಗೆ ಸುಳ್ಳು ಹೊಳೆಯಲಿಲ್ಲ.

"ನಾನು ಓದಿಲ್ಲಮ್ಮ."

ಇವರು ತಮ್ಮ ಬೂಟುಗಳನ್ನು ನೋಡಿಕೊಂಡರು. ಆ ಬಗ್ಗಿದ ತಲೆ ನೋಡಲಾರದೆ ಮೈಕನ್ನು ವಾಪಸು ಕೊಟ್ಟೆ.

ಆಟೋದಲ್ಲಿ ಮನೆಗೆ ಬಂದೆವು. ಗೇಟಿನ ಚಿಲಕ ತೆಗೆಯುತ್ತ ಇವರೇ ಅಂದರು, "ಅಷ್ಟು ಜನ ಓದಿದ್ದು ಸಂತೋಷವೇ. ನೀನು ಓದ್ತೀಯ ಅಂತ ಕಾಯ್ತಾ ಇದ್ದೆ ಕಣೇ."

ನಿನ್ನಿಷ್ಟ ಎನ್ನಲಿಲ್ಲ.

ಜೂನ್ 30, ಮಧ್ಯಾಹ್ನ

ಓದಿದೆ. ಬೆಳಿಗ್ಗೆ ಕೂತವಳು ಏಳಲಿಲ್ಲ. ಬೆಂಕಿ ಹತ್ತಿದ ವಿಮಾನ, ಮುರಿದ ಕಾಲು, ಕಂಬಳಿ — ಎಲ್ಲ ದಾಟಿಕೊಂಡು ಆ ಅಧ್ಯಾಯಕ್ಕೆ ಬಂದೆ. ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

"ಮಧ್ಯಾಹ್ನ ಕಾವಲಿನವರೂ ಮಲಗುತ್ತಿದ್ದರು. ಎಲ್ಲೂ ಸದ್ದಿಲ್ಲ. ತಲೆ ಕೆಡುವ ಹೊತ್ತು ಅದೇ. ಆಗ ಅವಳ ಜೊತೆ ಜಗಳಕ್ಕೆ ಕೂರುತ್ತಿದ್ದೆ. ನಾನು ಹಾರಲು ಹೊರಟ ಬೆಳಿಗ್ಗೆ ಬೀರು ಎಲ್ಲಿಡುವುದೆಂಬ ಜಗಳ ಅರ್ಧಕ್ಕೆ ನಿಂತಿತ್ತು. ಕಿಟಕಿ ನಿನ್ನ ಮೆಷಿನ್ನಿಗೆ ಬೇಕು, ಬೆಳಕು ಬೀಳುತ್ತದೆ ಎನ್ನುತ್ತಿದ್ದೆ. ಇಲ್ಲ, ಬೀರು ಕಿಟಕಿಗೇ ಇರಲಿ ಎನ್ನುತ್ತಿದ್ದಳು. ಒಂದು ದಿನವೂ ನನ್ನನ್ನು ಗೆಲ್ಲಲು ಬಿಡಲಿಲ್ಲ. ಸೋತದ್ದರಿಂದಲೇ ಮರುದಿನಕ್ಕೆ ಜಗಳ ಉಳಿಯುತ್ತಿತ್ತು. ನಾನು ಬದುಕಿದ್ದು ಅದರಿಂದ. ಮನೆಗೆ ಹೋದರೆ ಬೀರುವನ್ನು ಅವಳು ಹೇಳಿದಲ್ಲೇ ಇಡುತ್ತೇನೆ, ಮತ್ತೆಂದೂ ಅವಳಿಗೆ ಎದುರಾಡುವುದಿಲ್ಲ ಎಂದು ಅಲ್ಲೇ ಮಾತು ಕೊಟ್ಟಿದ್ದೆ."

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಸಾಕಾಗುವಷ್ಟು ಅತ್ತೆ. ಆ ಜಗಳಗಂಟ ಅಲ್ಲಿ ಉಳಿದಿರಲಿಲ್ಲ. ಬಾಯಿಗೆ ತಾನೇ ಬೀಗ ಹಾಕಿಕೊಂಡು ನನ್ನ ಬಳಿಗೇ ಬಂದಿದ್ದ.

ಆಮೇಲೆ ಮೂಗು ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಕೋಪ ನೆತ್ತಿಗೇರಿತು.

ಆ ಬೆಳಿಗ್ಗೆ ಜೀಪು ಹಾರ್ನ್ ಹೊಡೆಯುತ್ತಿತ್ತು. ಬೀರು ಹೊಸ ಕ್ವಾರ್ಟರ್ಸಿನ ಕೋಣೆಯ ನಡುವೆ ನಿಂತಿತ್ತು. ಇವರು ಎದುರು ಗೋಡೆಗೆ ಎನ್ನುತ್ತಿದ್ದರು, ನಾನು ಬಾಗಿಲ ಪಕ್ಕಕ್ಕೆ ಇಡೋಣ ಎಂದು ಹೇಳಿ ಹೇಳಿ ಸಾಕಾಗಿ, "ನಿಮಗೆ ಬೇಕಾದ್ರೆ ಕಿಟಕಿಗೇ ಅಡ್ಡ ನಿಲ್ಸಿ, ನಾನು ಕತ್ತಲಲ್ಲೇ ಬಿದ್ದಿರ್ತೀನಿ!" ಎಂದು ಕಿರುಚಿದ್ದೆ. ರೇಗಿ ಅಂದದ್ದು! ಅಷ್ಟು ಓದಿದ ಮನುಷ್ಯ, ವಿಮಾನ ಹಾರಿಸಿದವರು...

ಸೀದಾ ಹೋಗಿ ಪುಸ್ತಕವನ್ನು ಇವರ ಮುಂದೆ ಇಟ್ಟೆ.

"ಯಾರ್ರೀ ಹೇಳಿದ್ದು ನನಗೆ ಬೀರು ಕಿಟಕಿಗೆ ಬೇಕು ಅಂತ?"

"ನೀನೇ ಹೇಳಿದ್ದು."

"ರೇಗಿ ಹೇಳಿದ್ದೂ ಗೊತ್ತಾಗಲ್ವಾ? ಇಷ್ಟು ವರ್ಷ ಕತ್ತಲಲ್ಲಿ ಹೊಲಿದಿದ್ದೀನಿ, ನಿಮಗೇ ಅದು ಬೇಕೇನೋ ಅಂತ!"

"ನನಗಾ? ಮೊದಲಿಂದ ಬೇಡ ಅಂದವನೇ ನಾನು!" ಇವರು ಎದ್ದು ನಿಂತರು. "ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ನಿಮ್ಮ ಮೂಳೆ ನೋಡಿ ಯಾರಿಗಾದ್ರೂ ಬಾಯಿ ಬರ್ತಿತ್ತಾ? ನೀವು ಬರೋ ತನಕ ಆ ಬೀರು ಕೋಣೆ ನಡುವೆನೇ ಇತ್ತು, ಗೊತ್ತಾ? ನಮ್ಮಣ್ಣ ಬಂದು ಸರಿಸ್ತೀನಿ ಅಂದ್ರೂ ಬಿಡ್ಲಿಲ್ಲ. ಅದಕ್ಕೆ ತಾಗಿ ತಾಗಿ ನನ್ನ ಮೊಣಕೈಯೆಲ್ಲ ನೀಲಿ."

"ಯಾಕೆ?"

"ಜಗಳ ಮುಗಿದಿರಲಿಲ್ಲವಲ್ಲ."

ಇವರು ಮತ್ತೆ ಕುರ್ಚಿಯಲ್ಲಿ ಕೂತರು. ಕಣ್ಣಲ್ಲಿ ನೀರು. ಹೊಸ ಕಣ್ಣು ಎಂದು ನಾನೇ ಹತ್ತಿ ತಂದು ಮೆಲ್ಲಗೆ ಒರೆಸಿದೆ. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಈ ಮನುಷ್ಯ ಎಂದರೆ ನನಗೆ ಪ್ರಾಣ. ಬಾಯಿ ಬಿಟ್ಟು ಹೇಳಿಲ್ಲ, ಇಲ್ಲಿ ಬರೆದಿರುತ್ತೇನೆ.

ಅದೇ ದಿನ, ಸಂಜೆ

ಬೀರು ಖಾಲಿ ಮಾಡಿದೆವು. ಕಾಲಡಿಗೆ ಹಳೆ ಬೆಡ್‌ಶೀಟು ಹಾಕಿ ಇಬ್ಬರೂ ಸೇರಿ ಎಳೆದೆವು. ಕಿಟಕಿ ತೆರೆದರೆ ಏನು ಬೆಳಕು! ನನ್ನ ಮೆಷಿನ್ನಿನ ಮೇಲೆ ಇಷ್ಟು ಧೂಳಿತ್ತೇ?

ಬೀರು ಈಗ ಕೋಣೆಯ ನಡುಮಧ್ಯೆ. ನಾನು ಬಾಗಿಲ ಪಕ್ಕಕ್ಕೆ ಎಂದೆ. ಇವರು ಎದುರು ಗೋಡೆಗೆ ಎಂದರು. ನಾನು, ಅಲ್ಲಿ ಗೋಡೆ ಒದ್ದೆ ಎಂದೆ. ಇವರು, ನಿನ್ನ ತಲೆ ಎಂದರು.

ನಿನ್ನ ತಲೆ! ಕೇಳಿ ಎಷ್ಟು ಕಾಲವಾಗಿತ್ತು. ನೀರು ಕುಡಿದು ಬರುತ್ತೇನೆ ಎಂದು ಹೇಳಿ ಇಲ್ಲಿ ಬಂದು ಬರೆಯುತ್ತಿದ್ದೇನೆ, ನಗು ತಡೆಯಲಾಗುತ್ತಿಲ್ಲ...

ಒಳಗಿಂದ ಕೂಗು. "ಎಲ್ಲಿ ಹೋದ್ಯೇ? ಇನ್ನೂ ಮುಗಿದಿಲ್ಲ, ಬಾ ಇಲ್ಲಿ! ಬಾಗಿಲ ಪಕ್ಕ ಇಟ್ರೆ ಬಾಗಿಲು ಪೂರ್ತಿ ತೆರೆಯಲ್ಲ, ಅಷ್ಟೂ ಗೊತ್ತಾಗಲ್ವಾ ನಿನಗೆ?"

ಪಕ್ಕದ ಮನೆಯವರು ಕಿಟಕಿಯಿಂದ ಇಣುಕುತ್ತಿದ್ದಾರೆ. ಇಣುಕಲಿ. ಬಾಗಿಲು ತೆರೆಯುವುದಿಲ್ಲವಂತೆ! ತೆರೆಯುತ್ತದೆ, ನಾನು ತೋರಿಸ—