ಎಡತೋಳಿಗೊಂದು, ಬಲತೋಳಿಗೊಂದು

ಭಾನುವಾರ, ಸೆಪ್ಟೆಂಬರ್ 14

ಪ್ರೀತಿಯ ಮಾವನವರಿಗೆ,

ಹೀಗೆ ಕರೆಯಬಹುದು ತಾನೇ? ಅತ್ತೆಯ ಗಂಡ ಅಂದಮೇಲೆ ಮಾವನೇ. ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಮ್ಮಿಬ್ಬರ ಮದುವೆಗೆ ಸಾಕ್ಷಿ ಸಹಿ ಹಾಕಿದವಳು ನಾನೇ ಆದರೂ, ನೀವು ಇಲ್ಲಿದ್ದಷ್ಟು ದಿನ ಏನಂತ ಕರೆಯಬೇಕೆಂದು ತೋಚದೆ ‘ಇವರೇ, ಇವರೇ’ ಅಂತಲೇ ಕಾಲ ತಳ್ಳಿದೆ.

ಫೋನಿನಲ್ಲೇ ಹೇಳಬಹುದಾಗಿತ್ತು. ಆದರೆ ನಾನು ಫೋನು ಹಿಡಿದರೆ ಸಾಕು, ಅತ್ತೆ ಪಕ್ಕಕ್ಕೆ ಬಂದು ಕೂರುತ್ತಾರೆ. ಈಗ ಊಟ ಮಾಡಿ ಮಲಗಿದ್ದಾರೆ, ಅಂಗಾತ. ಎರಡು ತೋಳೂ ನೋಯುತ್ತಿರುವುದರಿಂದ ಯಾವ ಮಗ್ಗುಲಿಗೂ ಹೊರಳುವಂತಿಲ್ಲ. ನಿಮ್ಮ ದೇಶಕ್ಕೆ ಬರಲು ಬೇಕಾದ ವೀಸಾದ ವೈದ್ಯಕೀಯ ಪರೀಕ್ಷೆ ಮುಗಿಯಿತು, ಲಸಿಕೆಗಳೂ ಆದವು. ‘ಡಾಕ್ಟರು ಸ್ವಲ್ಪ ತಡಮಾಡಿಬಿಟ್ಟರು’ ಅಂತ ಅತ್ತೆ ನಿಮಗೆ ಹೇಳಿದ್ದನ್ನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಮಾವ, ತಡಮಾಡಿದ್ದು ಡಾಕ್ಟರಲ್ಲ.

ಮೊದಲ ಸಲ ಹೋದಾಗ ಎಲ್ಲವೂ ಸಲೀಸಾಗಿತ್ತು. ಡಾಕ್ಟರು ನನ್ನ ವಯಸ್ಸಿನವರೇ, ಸಮಾಧಾನದ ಹೆಂಗಸು. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ದಾಖಲೆ ಇದೆಯೇ ಎಂದು ಕೇಳಿದರು. ‘ನಾನು ಹುಟ್ಟಿದ ತಾರೀಖೇ ನಮ್ಮನೇಲಿ ಯಾರಿಗೂ ಸರಿಯಾಗಿ ನೆನಪಿರಲಿಲ್ಲ, ಇನ್ನು ಸೂಜಿ ಚುಚ್ಚಿದ್ದನ್ನ ಯಾರಮ್ಮ ಬರೆದಿಡ್ತಾರೆ?’ ಅಂದರು ಅತ್ತೆ. ದಡಾರ ಬಂದಿತ್ತಾ, ಮಂಗನಬಾವು ಬಂದಿತ್ತಾ ಅಂತ ಡಾಕ್ಟರು ಒಂದೊಂದಾಗಿ ವಿಚಾರಿಸಿದರು. ‘ಬಾವು ಬಂದಿರಲಿಲ್ಲ. ಮಂಗ ಮಾತ್ರ ಒಬ್ಬ ಇದ್ದ, ನಮ್ಮಣ್ಣ’ ಅಂದುಬಿಟ್ಟರು. ನರ್ಸಮ್ಮ ಬಾಗಿಲ ಹಿಂದೆ ಹೋಗಿ ನಕ್ಕು ಬಂದರು.

ಸೀತಾಳೆ ಸಿಡುಬಿನ ವಿಷಯ ಬಂದಾಗ ಮಾತ್ರ ಅತ್ತೆ ಹಣೆಯ ಮೇಲಿನ ಕೂದಲು ಸರಿಸಿ, ಹುಬ್ಬಿನ ಮೇಲಿರುವ ಸಣ್ಣ ಕುಳಿ ತೋರಿಸಿದರು. ‘ನನ್ನ ಮಗ ಒಂದನೇ ಕ್ಲಾಸಲ್ಲಿದ್ದಾಗ ಸ್ಕೂಲಿಂದ ಹತ್ತಿಸ್ಕೊಂಡು ಬಂದ. ತಾಯಿ ಮಗ ಇಬ್ಬರೂ ಒಂದೇ ಹಾಸಿಗೇಲಿ ಬಿದ್ಕೊಂಡಿದ್ವಿ.’ ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿದರು.

ಮುಂದಿನ ವಾರ ವರದಿ ಬಂತು. ‘ಈ ಒಂದು ಲಸಿಕೆ ಬೇಡ ಅಮ್ಮ. ಆಗ ಕಾಯಿಲೆ ಬಂದಿತ್ತಲ್ಲ, ಅದರ ರಕ್ಷಣೆ ನಿಮ್ಮ ರಕ್ತದಲ್ಲಿ ಹಾಗೇ ಉಳಿದಿದೆ. ಬೇರೆಯವು ಹಾಕಿಸ್ಕೊಳ್ಳಿ’ ಅಂದರು ಡಾಕ್ಟರು. ಅತ್ತೆ ಆ ಕಾಗದವನ್ನು ಕೈಗೆ ತೆಗೆದುಕೊಂಡರು. ‘ಅವನು ಕೊಟ್ಟಿದ್ದು ಇನ್ನೂ ಇದೆಯಾ?’ ಅಂದರು. ಯಾರು ಕೊಟ್ಟಿದ್ದೆಂದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು! ನನ್ನ ಗಂಡ ತೀರಿಹೋಗಿ ಇಷ್ಟು ವರ್ಷವಾಯಿತು. ನನ್ನ ಬಳಿ ಉಳಿದಿರುವುದು ಅವರ ಕನ್ನಡಕ, ಎರಡು ಅಂಗಿ. ಅವರಮ್ಮನ ರಕ್ತದಲ್ಲಿ ಅವರ ಬಾಲ್ಯದ ಒಂದು ಜ್ವರ ಇನ್ನೂ ಇದೆ.

ನರ್ಸಮ್ಮ ಟ್ರೇ ಹಿಡಿದು ಬಂದರು. ಅತ್ತೆ ಮಡಚಿದ್ದ ರವಿಕೆಯ ತೋಳನ್ನು ಸರಕ್ಕನೆ ಕೆಳಗೆಳೆದುಕೊಂಡು, ‘ನನಗೆ ಯಾವ ಇಂಜೆಕ್ಷನ್ನೂ ಆಗಿಬರಲ್ಲ. ಹಾಕಿದ ತಕ್ಷಣ ಮುಖ ಊದುತ್ತೆ, ಉಸಿರು ಕಟ್ಟುತ್ತೆ’ ಅಂದರು. ಡಾಕ್ಟರು ಪೆನ್ನು ಕೆಳಗಿಟ್ಟರು. ಹಾಗಿದ್ದರೆ ಅಲರ್ಜಿ ತಜ್ಞರಿಗೆ ತೋರಿಸಿ ಅವರಿಂದ ಬರೆಸಿಕೊಂಡು ಬನ್ನಿ, ಅಲ್ಲಿಯತನಕ ಒಂದನ್ನೂ ಹಾಕುವುದಿಲ್ಲ ಅಂದರು. ಹೋದ ವರ್ಷ ಮೊಳೆ ತುಳಿದು ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಂಡು ಬಂದು, ದಾರಿಯಲ್ಲೇ ಐಸ್‌ಕ್ರೀಮ್ ಕೇಳಿದ ಹೆಂಗಸು ಇವರು!

ಹೊರಗೆ ವರಾಂಡದ ಬೆಂಚಿನ ಮೇಲೆ ಕೂರಿಸಿ ಕೇಳಿದೆ. ‘ಅತ್ತೆ, ಯಾಕೆ ಹಾಗೆ ಸುಳ್ಳು ಹೇಳಿದ್ರಿ? ಅವರ ಜೊತೆ ಬಾಳೋಕೆ ಇಷ್ಟ ಇಲ್ವಾ?’

‘ಇಷ್ಟ ಇಲ್ದೇ ಏನು? ಆ ಮನುಷ್ಯ ತನ್ನ ಕನ್ನಡಕದ ಮೇಲೆ ತಾನೇ ಕೂತ್ಕೊಂಡು ಮುರ್ಕೊಂಡು, ನಿನ್ನ ಅಂಗಡಿಗೆ ಬಂದನಲ್ಲ, ಅವತ್ತೇ ಇಷ್ಟ ಆಗಿದ್ದ.’

‘ಮತ್ತೆ?’

‘ನೀನು ಸಂಜೆ ಅಂಗಡಿ ಮುಚ್ಚಿ ಬಂದು ಯಾರ ಜೊತೆ ಊಟ ಮಾಡ್ತೀಯ? ಒಬ್ಬಳೇ ಗೋಡೆ ನೋಡ್ಕೊಂಡು ತಿಂತೀಯ. ನನ್ನ ಮಗ ನಿನ್ನ ಬಿಟ್ಟು ಹೋದ. ಈಗ ನಾನೂ ಹೊರಟೆ ಅಂದ್ರೆ ಏನು ಕಣೇ ಅದು?’

ಅತ್ತೆ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಆಗ ನಾನು ಹೇಳಿದೆ, ನಮ್ಮ ಕನ್ನಡಕದ ಕಂಪನಿ ಇನ್ನೊಂದು ಊರಿನಲ್ಲಿ ಹೊಸ ಅಂಗಡಿ ತೆರೆಯುತ್ತಿದೆ, ಅದನ್ನು ನೋಡಿಕೊಳ್ಳಲು ನನ್ನನ್ನೇ ಕರೆದಿದ್ದಾರೆ, ವಾಸಕ್ಕೆ ಜೊತೆಯ ಹುಡುಗಿಯರೂ ಇದ್ದಾರೆ, ನಿಮ್ಮನ್ನು ಬಿಟ್ಟು ಹೇಗೆ ಹೋಗಲಿ ಅಂತ ಇಷ್ಟು ದಿನ ಬಾಯಿಬಿಡಲಿಲ್ಲ ಅಂತ.

‘ಅಂದ್ರೆ ನಾನು ಹೋಗಲಿ ಅಂತ ನೀನು ಕಾಯ್ತಾ ಇದ್ದೀಯ?’

‘ಹೂಂ. ನೀವು ನೋಡಿದ್ರೆ ಉಸಿರು ಕಟ್ಟುತ್ತೆ ಅಂತಿದ್ದೀರ.’

ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಬಾಗಿಲು ಸಹ ತಟ್ಟದೆ ಒಳಗೆ ಹೋಗಿ, ‘ಡಾಕ್ಟರೇ, ನಾನು ಆಡಿದ್ದು ಸುಳ್ಳು. ಹೋದ ವರ್ಷವೂ ಒಂದು ಹಾಕಿಸ್ಕೊಂಡಿದ್ದೆ, ಏನೂ ಆಗಲಿಲ್ಲ’ ಅಂದರು. ಡಾಕ್ಟರಿಗೆ ಸಿಟ್ಟು ಬಂದಿತ್ತು. ಇಂಥ ವಿಷಯದಲ್ಲಿ ಸುಳ್ಳು ಹೇಳಬಾರದು ಅಂತ ಚೆನ್ನಾಗಿಯೇ ಬೈದರು. ಹಳೆಯ ಆಸ್ಪತ್ರೆಗೆ ಫೋನು ಮಾಡಿ, ಹೋದ ವರ್ಷದ್ದನ್ನು ವಿಚಾರಿಸಿ ಖಚಿತ ಮಾಡಿಕೊಂಡ ಮೇಲೆಯೇ ನರ್ಸಮ್ಮನಿಗೆ ಹೂಂ ಅಂದರು. ಎಡತೋಳಿಗೊಂದು, ಬಲತೋಳಿಗೊಂದು, ಮತ್ತೆ ಎಡತೋಳಿಗೆ ಇನ್ನೊಂದು. ಅತ್ತೆ ಒಂದು ಸಲವೂ ‘ಅಯ್ಯೋ’ ಅನ್ನಲಿಲ್ಲ. ನನ್ನ ಕೈಯನ್ನು ಮಾತ್ರ ಹಿಂಡಿಬಿಟ್ಟರು. ಕೊನೆಗೆ ನಾನೂ ತೋಳು ಚಾಚಿ, ಫ್ಲೂ ಲಸಿಕೆ ನನಗೂ ಒಂದು ಹಾಕಿ ಅಂದೆ. ಏಕೆ ಅಂದೆನೋ ಗೊತ್ತಿಲ್ಲ. ಅವರೊಬ್ಬರಿಗೇ ನೋಯುವುದು ಬೇಡ ಅನ್ನಿಸಿತು.

ಮಾರನೆಯ ದಿನ ಇಬ್ಬರಿಗೂ ಕೈ ಎತ್ತಲಾಗದು. ನನ್ನ ಜಡೆ ಅವರು ಹಾಕಲಾರರು, ಅವರ ತುರುಬು ನಾನು ಕಟ್ಟಲಾರೆ. ಕೂದಲು ಕೆದರಿಕೊಂಡೇ ಕೂತು ಕಾಫಿ ಕುಡಿದು, ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಮಾವ, ಅವರಿಗೆ ಮಂಡಿ ನೋವಿದೆ, ಆದರೆ ಹೇಳುವುದಿಲ್ಲ. ನಿಮ್ಮ ಬೇಕರಿಯಲ್ಲಿ ಕೂರಲು ಒಂದು ಎತ್ತರದ ಸ್ಟೂಲು ಹಾಕಿಡಿ. ಸಂಜೆ ನೀವು ಬರುವುದು ತಡವಾದರೆ ಊಟ ಮಾಡದೆ ಕಾಯುತ್ತಾರೆ. ಕೇಳಿದರೆ ‘ಹಸಿವೇ ಆಗಲಿಲ್ಲ’ ಅನ್ನುತ್ತಾರೆ. ಅದನ್ನು ನಂಬಬೇಡಿ, ಬೇಗ ಬನ್ನಿ.

ನಿಮ್ಮಿಬ್ಬರ ಒಳಿತನ್ನೇ ಬಯಸುವ,
ನಿಮ್ಮ ಸೊಸೆ

ತಾ.ಕ.: ಹೊಸ ಅಂಗಡಿ ತೆರೆಯುತ್ತಿರುವುದು ನಿಜ. ನನ್ನನ್ನು ಯಾರೂ ಕರೆದಿಲ್ಲ. ಜೊತೆಯ ಹುಡುಗಿಯರೂ ಇಲ್ಲ. ಆ ಬೆಂಚಿನ ಮೇಲೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ನಿನ್ನೆ ಹೋಗಿ ಅರ್ಜಿ ಕೊಟ್ಟು ಬಂದೆ. ಅತ್ತೆ ಕೇಳಿದರೆ, ಈ ಕೆಲಸದ ವಿಷಯ ನಿಮಗೂ ಮೊದಲೇ ಗೊತ್ತಿತ್ತು ಅನ್ನಿ. ಆದರೆ ಅವರು ಕೇಳಲಾರರು ಅನ್ನಿಸುತ್ತದೆ. ಪಕ್ಕದ ಮನೆಯ ಹುಡುಗನ ಪರೀಕ್ಷೆಯ ಅಂಕಗಳನ್ನೂ ಬಿಡದೆ ವಿಚಾರಿಸುವ ನಮ್ಮತ್ತೆ, ನನ್ನ ಹೊಸ ಕೆಲಸ ಯಾವ ಊರಿನಲ್ಲಿ ಅಂತ ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ.