ಬೆಂಚಿನ ಮೇಲೆ ಅರ್ಧ ಗಂಟೆ

ಮಾರ್ಚ್ 3, ಸೋಮವಾರ

ಅದೇ ಸಾಲು, ಅದೇ ಮಾತು. ಸಿರಪ್ ಕುಡಿ, ನೀರು ಕುಡಿ, ಬಾಯಿ ತೆಗಿ, ಹೆಸರು ಹೇಳು. ಹೆಸರು ಹೇಳಿಸುವುದು ಬಾಯಲ್ಲಿ ಉಳಿಸಿಕೊಳ್ಳದಿರಲಿ ಅಂತ. ಹೆರಾಯಿನ್ ಪೌಡರ್ ಚಟ ಬಿಡಿಸಲು ಕೊಡುವ ಸಿರಪ್ಪು, ಜೈಲಿನೊಳಗೆ ಅದೇ ಪೌಡರಿನ ಬೆಲೆಗೆ ಹೋಗುತ್ತೆ. ಮನೆಯಲ್ಲಿ ಅತ್ತೆಗೆ ನಗು. “ಕಳ್ಳರ ಬಾಯಿಗೆ ಟಾರ್ಚ್ ಬಿಡೋಕೆ ನರ್ಸಿಂಗ್ ಓದಬೇಕಿತ್ತೇನೇ?”

ಎಲ್ಲರೂ ಪೇಂಟರ್ ಅಂತ ಕರೆಯುವ ಕೈದಿಗೆ ಇನ್ನೂ ನಡುಕ. ಮೂಗು ಸೋರುತ್ತೆ, ಬೆವರು, ನಿದ್ದೆ ಇಲ್ಲ. ಇಷ್ಟು ದಿನ ಸಿರಪ್ ಕುಡಿದೂ ಹೀಗಾ? ಮುಂದಿನ ತಿಂಗಳು ಬಿಡುಗಡೆ. ಅಕ್ಕ ಮನೆಗೆ ಸೇರಿಸ್ಕೋತೀನಿ ಅಂದಿದ್ದಾಳಂತೆ. ಒಂದೇ ಷರತ್ತು, ಚಟ ಬಿಟ್ಟು ಬರಬೇಕು. “ಕೈ ನಿಲ್ಲಲಿ ಸಿಸ್ಟರ್, ಈ ಗೋಡೆ ಮುಗಿಸಿಕೊಟ್ಟೇ ಹೋಗ್ತೀನಿ.” ಡಿಸ್ಪೆನ್ಸರಿ ಗೋಡೆ ಅರ್ಧ ಬಳಿದು ಬಿಟ್ಟಿದ್ದಾನೆ. ಕಿಟಕಿಯಿಂದ ಈಚೆಗೆ ಹಳೇ ಕಲೆ ಹಾಗೇ ಇದೆ.

ಮಾರ್ಚ್ 6

ಡಾಕ್ಟರ್ ಬಂದಿದ್ದರು. ವಾರಕ್ಕೊಮ್ಮೆ ದರ್ಶನ. ಪೇಂಟರ್ ನಡುಕದ ಬಗ್ಗೆ ಹೇಳಿದೆ. ತಲೆ ಎತ್ತದೆ ಡೋಸ್ ಏರಿಸಿದರು. ಕಳೆದ ವಾರವೂ ಏರಿಸಿದ್ದರು, ಅದರ ಹಿಂದಿನ ವಾರವೂ. ಪೇಂಟರ್ ಮಾತ್ರ ಇದ್ದ ಹಾಗೇ ಇದ್ದಾನೆ... ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮಾರ್ಚ್ 11

ಹೆಡ್ ವಾರ್ಡರ್ ಇವತ್ತು ಗುಟ್ಟಾಗಿ ಹೇಳಿದ. ಕೆಲವರು ಸಿರಪ್ ಕುಡಿದು ಬ್ಯಾರಕ್‌ಗೆ ಹೋಗಿ ಮಗ್ಗಿನಲ್ಲಿ ವಾಂತಿ ಮಾಡ್ತಾರಂತೆ. ಅದನ್ನು ಇನ್ನೊಬ್ಬರು ಕುಡೀತಾರಂತೆ. ಥೂ. ಯಾರು ಅಂತ ಕೇಳಿದೆ. “ಅವರಿವರು ಸಿಸ್ಟರ್. ನನ್ನ ಹೆಸರು ಎಲ್ಲೂ ಬರಬಾರದು ಅಷ್ಟೆ.”

ನಾಳೆಯಿಂದ ಹೊಸ ನಿಯಮ. ಕುಡಿದವರು ಅರ್ಧ ಗಂಟೆ ನನ್ನ ಕಣ್ಣೆದುರು ಬೆಂಚಿನ ಮೇಲೆ. ನೋಡೇ ಬಿಡ್ತೀನಿ.

ಮಾರ್ಚ್ 12

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಗೊಣಗಾಟವೋ ಗೊಣಗಾಟ.

ಪೇಂಟರ್ ಸರದಿ ಬಂದಾಗ ಮೆಲ್ಲಗೆ, “ಸಿಸ್ಟರ್, ಇವತ್ತು ಅರ್ಧ ಕೊಡ್ತೀರಾ?”

“ಯಾಕೆ?”

ತಿರುಗಿ ಸಾಲು ನೋಡಿದ. ಹಿಂದೆಯೇ ದೊಡ್ಡಣ್ಣ ನಿಂತಿದ್ದ. ಆ ಬ್ಯಾರಕ್‌ನಲ್ಲಿ ಅವನು ಹೇಳಿದ್ದೇ ಕಾನೂನು.

“ಏನಿಲ್ಲ... ಸುಮ್ನೆ.”

“ಇದೇನು ತರಕಾರಿ ಅಂಗಡಿನಾ, ಚೌಕಾಸಿ ಮಾಡೋಕೆ? ಬರೆದಷ್ಟು ಕುಡಿ.”

ಕುಡಿದ. ಹೆಸರು ಹೇಳಿದ. ಬೆಂಚಿನ ತುದಿಯಲ್ಲಿ ಹೋಗಿ ಕೂತ.

ಮಾರ್ಚ್ 13

ಪೇಂಟರ್ ಕೈ ನಡುಕ ನಿಂತಿದೆ! ತಾನಾಗಿ ಬ್ರಷ್ ಕೇಳಿದ. ಕಿಟಕಿ ಪಕ್ಕ ಎರಡು ಗೆರೆ ಎಳೆದ, ಗೋಡೆಗೊರಗಿ ಅಲ್ಲೇ ತೂಕಡಿಸಿದ. ತಿಂಗಳ ನಿದ್ದೆ ಬಾಕಿ ಇದೆ, ಪಾಪ. ಎಬ್ಬಿಸಿ ಕಳಿಸಿದೆ. ಅಂತೂ ಔಷಧಿ ಹಿಡಿಯಿತು. ಖುಷಿಯಾಯಿತು. ಸುಳ್ಳು ಯಾಕೆ, ಹೆಮ್ಮೆಯೂ ಆಯಿತು. ಬರುವಾಗ ಅತ್ತೆಗೆ ಅಂತ ಕಿತ್ತಳೆ ತಂದೆ.

ಮಾರ್ಚ್ 14, ಸಂಜೆ 7.30

ಜೈಲಿನ ಗೇಟಿನ ಹೊರಗೆ ಕೂತಿದ್ದೇನೆ. ಬರೆಯದೆ ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತೆ.

ಹೆಡ್ ವಾರ್ಡರ್ ಫೋನ್ ಮಾಡಿದ್ದ. ಪೇಂಟರ್ ಮಧ್ಯಾಹ್ನದಿಂದ ಗೊರಕೆ ಹೊಡೀತಿದ್ದನಂತೆ, ಎಲ್ಲರೂ ನಗ್ತಿದ್ದರಂತೆ. ಈಗ ಗೊರಕೆ ಇಲ್ಲ. ಎಬ್ಬಿಸಿದರೆ ಏಳ್ತಿಲ್ಲ. ತುಟಿ ನೀಲಿ.

ಆಮೇಲೆ ಹೇಳ್ತಾನೆ, “ದಿನಾ ಕಕ್ಕಿಸ್ತಿದ್ದದ್ದು ಅವನ ಕೈಲೇ ಸಿಸ್ಟರ್. ಕುಡೀತಿದ್ದದ್ದು ದೊಡ್ಡಣ್ಣ. ಮೊನ್ನೆವರೆಗೂ ಅವನ ಹೊಟ್ಟೇಲಿ ಏನೂ ನಿಂತಿರಲಿಲ್ಲ. ಎಲ್ರಿಗೂ ಗೊತ್ತಿತ್ತು.”

ಎಲ್ರಿಗೂ. ನನ್ನೊಬ್ಬಳನ್ನು ಬಿಟ್ಟು. ಔಷಧಿ ಕಾಣದ ಮೈಗೆ ಮೂರು ಸಲ ಏರಿಸಿದ ಡೋಸ್. ಮೂರು ದಿನ. ನನ್ನ ಕೈಯಾರೆ. ಬೇಲಿ ಎದ್ದು ಹೊಲ ಮೇಯ್ದದ್ದು ಅಂದರೆ ಇದೇ.

ಅರ್ಧ ಕೊಡಿ ಅಂದಿದ್ದ. ಇವತ್ತು ಬೆಳಿಗ್ಗೆ ಹೆಸರು ಹೇಳುವಾಗ ನಾಲಿಗೆ ತೊದಲಿತು. ಕೇಳಿಸಿತು. ಕೇಳಿಸಿಯೂ ಕೊಟ್ಟೆ.

ಅಮಲು ಇಳಿಸುವ ಇಂಜೆಕ್ಷನ್ ಡಿಸ್ಪೆನ್ಸರಿಯ ನನ್ನ ಕಪಾಟಿನಲ್ಲೇ ಇದೆ. ಬೀಗದ ಕೈ ನನ್ನ ಬ್ಯಾಗಿನಲ್ಲಿ, ಮನೆಯಲ್ಲಿತ್ತು. ಆಟೋದಲ್ಲಿ ಓಡಿ ಬಂದೆ. ಬಂದರೆ, ಸಂಜೆ ಬ್ಯಾರಕ್‌ಗೆ ಬೀಗ ಬಿದ್ದ ಮೇಲೆ ಜೈಲು ಸಾಹೇಬರು ಹೇಳದೆ ಯಾರನ್ನೂ ಒಳಗೆ ಬಿಡಲ್ಲವಂತೆ. ಸಾಹೇಬರು ಫೋನ್ ಎತ್ತುತ್ತಿಲ್ಲ. ಕೀ ಒಳಗೆ ಕೊಟ್ಟೆ. ಮೇಲಿನ ಹಲಗೆ, ಕೆಂಪು ಡಬ್ಬಿ, ತೊಡೆಗೆ ಚುಚ್ಚಿ ಅಂತ ಕಿಂಡಿಯಿಂದ ಕೂಗಿ ಹೇಳಿದೆ. ಚುಚ್ಚೋಕೆ ಹೆದರಿದರೆ? ಆಂಬುಲೆನ್ಸ್ ಬರ್ತಿದೆ ಅಂತಾರೆ. ಎಲ್ಲಿ?

ದೇವರೇ, ಆ ಗೋಡೆ ಹಾಗೇ ಇರಲಿ. ಅವನು ನಡುಗಿಕೊಂಡೇ ಇರಲಿ. ಎದ್ದು ಕೂತರೆ ಸಾಕು.

ಕಿಂಡಿಯಲ್ಲಿ ಕಾಣಿಸ್ತಿದೆ, ಅಂಗಳದ ದೀಪದ ಕೆಳಗೆ ಹೆಡ್ ವಾರ್ಡರ್. ಈ ಕಡೆಗೇ ಬರ್ತಿದ್ದಾನೆ. ನಡೆದುಕೊಂಡು ಬರ್ತಿದ್ದಾನೆ. ಯಾಕೆ ಓಡಿ ಬರ್ತಿಲ್ಲ?